ಡಿಗ್ರಿಯಣ್ಣ ಊರನ್ನು ಪರೀಕ್ಷೆ ಮಾಡಿದ್ದು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ನಾವೆಲ್ಲ ಬಾಯಿಮಾತಿಗೆ ಹೇಳಿ ಮರೆತುಬಿಡುತ್ತೇವೆ. ಡಿಗ್ರಿಯಣ್ಣ ಹಾಗಲ್ಲ, ಅದನ್ನು ಸಂಬಳ ತೆಗೆದುಕೊಂಡು ಪಾಲಿಸಿದವನು. ಊರಿನ ಹಾಲಿನ ಡೈರಿಯಲ್ಲಿ ಅವನದು ಹಾಲು ಪರೀಕ್ಷೆ ಮಾಡುವ ಕೆಲಸ. ಬೆಳಿಗ್ಗೆ ಒಂದು ಸರದಿ, ಸಂಜೆ ಒಂದು ಸರದಿ. ಕ್ಯಾನು ತಂದವರು ಸಾಲಾಗಿ ನಿಲ್ಲುತ್ತಾರೆ. ಇವನು ಉದ್ದ ಹಿಡಿಯ ಸೌಟು ಇಳಿಸಿ ತಳದಿಂದ ಕಲಕಿ, ಒಂದಿಷ್ಟು ಹಾಲನ್ನು ಎತ್ತರದ ಜಾಡಿಗೆ ಸುರಿದು, ಅದರಲ್ಲಿ ಲ್ಯಾಕ್ಟೋಮೀಟರ್ ಎಂಬ ಗಾಜಿನ ಕಡ್ಡಿಯನ್ನು ತೇಲಿಬಿಡುತ್ತಾನೆ. ಕಡ್ಡಿ ಎಲ್ಲಿಗೆ ನಿಂತಿತೋ ಅದೇ ಹಾಲಿನ ಡಿಗ್ರಿ. ನೀರು ಬೆರೆಸಿದ್ದರೆ ಕಡ್ಡಿ ಇಳಿಯುತ್ತದೆ, ಹಿಂದೆಯೇ ತಂದವರ ಮುಖವೂ ಇಳಿಯುತ್ತದೆ. ಹೆಸರು ಬಂದದ್ದು ಅಲ್ಲಿಂದ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲದಿದ್ದರೂ ಊರಿಗೆಲ್ಲ ಡಿಗ್ರಿ ಕೊಡುವವನು ಅವನೇ.

ನೀರು ಬೆರೆಸಿ ಸಿಕ್ಕಿಬೀಳುವವರು ದಡ್ಡರು ಎನ್ನುವುದು ಅವನ ಅನುಭವದ ಮಾತು. ಜಾಣರು ನೀರಿನ ಜೊತೆಗೆ ಒಂದು ಹಿಡಿ ಸಕ್ಕರೆಯನ್ನೋ ಉಪ್ಪನ್ನೋ ಹಾಕಿ, ಇಳಿಯುವ ಕಡ್ಡಿಯನ್ನು ಮೇಲಕ್ಕೆತ್ತಿಬಿಡುತ್ತಾರೆ. ಹೀಗಾಗಿ ಡಿಗ್ರಿ ಕಡಿಮೆ ಬಂದರೆ ಅವನಿಗೆ ಒಂದು ಅನುಮಾನ, ಸರಿಯಾಗಿ ಬಂದರೆ ಇನ್ನೊಂದು, ತೀರಾ ಚೆನ್ನಾಗಿ ಬಂದುಬಿಟ್ಟರಂತೂ ಆ ದಿನ ಊಟ ಸೇರುವುದಿಲ್ಲ. ಈ ಚಾಳಿ ಡೈರಿಯ ಬಾಗಿಲಲ್ಲೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅದು ಅವನ ಹಿಂದೆಯೇ ಮನೆಗೆ ಬಂತು, ಸಂತೆಗೆ ಹೋಯಿತು, ಡಾಕ್ಟರ ಬಳಿಯೂ ಕೂತಿತು. ಡಾಕ್ಟರು ‘ಏನಿಲ್ಲ, ಆರಾಮಾಗಿದ್ದೀರಿ’ ಎಂದರೆ, ಇವನು ಹೊರಗೆ ಬಂದು ಕಾಂಪೌಂಡರನ್ನು ‘ನಿಜ ಹೇಳಿ, ನನಗೆ ಏನಾಗಿದೆ?’ ಎಂದು ಪೀಡಿಸುತ್ತಿದ್ದ.

“ಮೊದಲ ಸಲ ನಮ್ಮ ಮನೆಗೆ ಬಂದಾಗ ನಾನು ಕೊಟ್ಟ ಟೀನ ನಮ್ಮಣ್ಣ ಒಂದು ಗುಟುಕು ಕುಡಿಯೋವರೆಗೂ ಕಾದು, ಆಮೇಲೆ ಕುಡಿದ ಪುಣ್ಯಾತ್ಮ ಇವರು” ಎಂದು ಹೆಂಡತಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಇವನು ನಗುತ್ತಿರಲಿಲ್ಲ. ಅವಳಣ್ಣ ಕುಡಿದಂತೆ ನಟಿಸಿದ್ದನೋ ಏನೋ ಎಂಬ ಸಂಶಯ ಇನ್ನೂ ಪೂರ್ತಿ ಹೋಗಿರಲಿಲ್ಲ.

ಈ ಭೂಮಿಯ ಮೇಲೆ ಅವನು ಕಡ್ಡಿ ಇಳಿಸದೆ ನಂಬುತ್ತಿದ್ದದ್ದು ಒಬ್ಬಳನ್ನೇ, ಮಗಳನ್ನು. ಅವಳೂ ಹಾಗೇ. ಅಪ್ಪ ಹೇಳಿದ ಎಂದರೆ ಮುಗಿಯಿತು, ಅದಕ್ಕೆ ಮೇಲ್ಮನವಿ ಇಲ್ಲ. ಅಮ್ಮನ ಹತ್ತಿರ ಅವಳು ಜಗಳವಾಡುತ್ತಿದ್ದಳು, ವಾದ ಮಾಡುತ್ತಿದ್ದಳು. ಅಪ್ಪ ಎಲ್ಲರನ್ನೂ ಸಂಶಯದಿಂದ ನೋಡುವವನಾದರೂ ತನಗೆ ಸುಳ್ಳು ಹೇಳುವವನಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅವನೂ ಅದನ್ನು ಕಣ್ಣಿನಂತೆ ಕಾಪಾಡಿಕೊಂಡು ಬಂದಿದ್ದ.

ಮಗಳ ಬೆರಳು ಚುರುಕು. ಒಡೆದ ಕಪ್ಪನ್ನು ಬಿರುಕು ಕಾಣದಂತೆ ಅಂಟಿಸುವುದು, ಮೂಗು ಕಿತ್ತುಹೋದ ಗೊಂಬೆಗೆ ಹೊಸ ಮೂಗು ಮಾಡುವುದು ಅವಳಿಗೆ ಚಿಕ್ಕಂದಿನ ಆಟ. ಆ ಬೆರಳು ಈಗ ಕೆಲಸಕ್ಕೆ ಬಂದಿತ್ತು. ದೂರದ ದೊಡ್ಡ ನಗರದಲ್ಲಿ ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವ ಒಂದು ಕಾರ್ಖಾನೆ, ಅಲ್ಲಿ ಒಂದು ವರ್ಷದ ತರಬೇತಿ, ಆಮೇಲೆ ಅಲ್ಲೇ ಕೆಲಸ. ಇರುವುದಕ್ಕೆ ಪಕ್ಕದಲ್ಲೇ ಹೆಣ್ಣುಮಕ್ಕಳ ಹಾಸ್ಟೆಲ್ಲು. ಗುರುವಾರ ಫೋನ್ ಬಂತು. ಸೋಮವಾರ ಬಂದು ಸೇರಬೇಕು, ಭಾನುವಾರದೊಳಗೆ ಬರುತ್ತೇನೆಂದು ಹೇಳಬೇಕು, ಇಲ್ಲದಿದ್ದರೆ ಜಾಗ ಮುಂದಿನ ಹುಡುಗಿಗೆ.

“ಸುಳ್ಳು ಹಲ್ಲು ಮಾಡೋದನ್ನ ಕಲಿಯೋಕೆ ಅಷ್ಟು ದೂರ ಹೋಗಬೇಕಾ?” ಎಂದ ಡಿಗ್ರಿಯಣ್ಣ.

“ಸುಳ್ಳು ಹಲ್ಲಲ್ಲ ಅಪ್ಪ, ಕಟ್ಟೋ ಹಲ್ಲು. ಅಗಿಯೋಕೆ ಬಂತು ಅಂದ್ರೆ ಅದು ನಿಜವಾದ ಹಲ್ಲೇ.”

“ಆ ಊರು ನಿನಗೆ ಗೊತ್ತಿಲ್ಲ.”

“ನಿಮಗೆ ಗೊತ್ತಾ?” ಎಂದು ಹೆಂಡತಿ ಒಳಗಿನಿಂದಲೇ ಕೇಳಿದಳು. “ಬಸ್ ಸ್ಟ್ಯಾಂಡು ಬಿಟ್ಟು ಆಚೆ ಹೋಗದೋರು ನೀವು. ಊರಿನ ಬಗ್ಗೆ ಭಾಷಣ ಬೇರೆ!”

ಮಗಳು ನಗಲಿಲ್ಲ. ಅವನ ಮುಖ ನೋಡಿ ಮೆಲ್ಲಗೆ ಹೇಳಿದಳು: “ನೀನು ಬೇಡ ಅಂದ್ರೆ ನಾನು ಹೋಗಲ್ಲ ಅಪ್ಪ. ಆ ಊರು ಸರಿಯಿಲ್ಲ ಅಂತ ನಿನಗೆ ಅನ್ನಿಸಿದ್ರೆ ಬೇಡ. ಆದ್ರೆ ಯೋಚನೆ ಮಾಡಿ ಹೇಳು, ಸುಮ್ನೆ ಹೇಳಬೇಡ.”

ಅಲ್ಲಿಗೆ ಇಡೀ ಭಾರ ಅವನ ತಲೆಯ ಮೇಲೆ ಬಿತ್ತು. ನೋಡದೆ ಒಂದು ಕ್ಯಾನನ್ನು ವಾಪಸ್ ಕಳಿಸಿದವನಲ್ಲ ಅವನು. ಊರೊಂದನ್ನು ನೋಡದೆ ವಾಪಸ್ ಕಳಿಸುವುದು ಹೇಗೆ? ಸರಿ, ಶನಿವಾರ ಭಾನುವಾರ ಹೋಗಿ ಊರನ್ನೇ ಪರೀಕ್ಷೆ ಮಾಡಿ ಬರುವುದು ಎಂದು ತೀರ್ಮಾನಿಸಿದ. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಪರೀಕ್ಷೆ ಮಾಡುವವನು ಮೊದಲೇ ತಿಳಿಸಿ ಹೋಗುತ್ತಾನೆಯೇ? ತಿಳಿಸಿದರೆ ಆ ದಿನ ಒಳ್ಳೆಯ ಹಾಲೇ ಬರುತ್ತದೆ. ಮಗಳಿಗೆ ಹೇಳಿದರೆ ಅವಳು ಹಾಸ್ಟೆಲ್ಲಿಗೆ ಫೋನ್ ಮಾಡುತ್ತಾಳೆ, ಅವರು ನೆಲ ಒರೆಸಿ, ಹೂದಾನಿ ಇಟ್ಟು, ಹಲ್ಲು ಕಿರಿದು ನಿಲ್ಲುತ್ತಾರೆ. ಆದ್ದರಿಂದ ಯಾರಿಗೂ ಹೇಳಬಾರದು. ಡೈರಿಯವನ ಬುದ್ಧಿಗೆ ಮಾತ್ರ ಹೊಳೆಯುವಂಥ ಈ ಯೋಚನೆಯೇ ಮುಂದೆ ಅವನ ಕುತ್ತಿಗೆಗೆ ಬಂತು.

“ಪಕ್ಕದ ಊರಿನ ಡೈರಿಗೆ ಹೊಸ ಮೆಷಿನ್ ಬಂದಿದೆ. ಎರಡು ದಿನ ತರಬೇತಿ ಇದೆ, ಹೋಗಿ ಬರ್ತೀನಿ” ಎಂದ ಶುಕ್ರವಾರ ಸಂಜೆ.

ಹೆಂಡತಿ “ಮೆಷಿನ್ನನ್ನಾದ್ರೂ ನಂಬಿ” ಎಂದಳು. ಮಗಳು ಅವನ ಚೀಲಕ್ಕೆ ಸ್ವೆಟರ್ ಹಾಕಿದಳು, ದಾರಿಗೆ ಬ್ರೆಡ್ಡು ಕಟ್ಟಿಕೊಟ್ಟಳು. “ಮೆಷಿನ್ ಕಲ್ತು ಬಂದು ನನಗೂ ಹೇಳಿಕೊಡು” ಎಂದಳು.  ಹುಟ್ಟಿದಂದಿನಿಂದ ಅವಳಿಗೆ ಹೇಳಿದ ಮೊದಲ ಸುಳ್ಳು ಅದು. ಅವಳ ಒಳ್ಳೆಯದಕ್ಕೇ ಅಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಚಪ್ಪಲಿ ಮೆಟ್ಟಿದ. ದೊಡ್ಡ ಊರಿನಲ್ಲಿ ಜೇಬಿನಿಂದ ಫೋನು ಹಾರಿಸುತ್ತಾರೆಂದು ಕೇಳಿದ್ದರಿಂದ ಫೋನನ್ನು ಡೈರಿಯ ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗವನ್ನು ಎಳೆದು ನೋಡಿ, ಶನಿವಾರ ಬೆಳಗಿನ ಜಾವದ ಬಸ್ಸು ಹತ್ತಿದ.

ನಗರದಲ್ಲಿ ಇಳಿದಾಗ ಬೆಳಕು ಚೆನ್ನಾಗಿ ಹರಿದಿತ್ತು. ಬಸ್ ನಿಲ್ದಾಣವೇ ಅವನ ಊರಿಗಿಂತ ದೊಡ್ಡದಾಗಿ ಕಂಡಿತು. ಚೀಲವನ್ನು ಎದೆಗೆ ಅವಚಿಕೊಂಡು, ಬೆನ್ನನ್ನು ಒಂದು ಕಂಬಕ್ಕೆ ಕೊಟ್ಟು ನಿಂತ. ಹಿಂದಿನಿಂದ ಯಾರೂ ಬರಬಾರದಲ್ಲ. ಯಾರೂ ಬರಲಿಲ್ಲ. ಯಾರೂ ಅವನತ್ತ ನೋಡಲೂ ಇಲ್ಲ. ಅದೇ ಅವನಿಗೆ ಮೊದಲ ಅನುಮಾನ. ಇಷ್ಟು ಜನರಲ್ಲಿ ಒಬ್ಬನೂ ನೋಡುತ್ತಿಲ್ಲವೆಂದರೆ, ನೋಡದ ಹಾಗೆ ನೋಡುತ್ತಿದ್ದಾರೆ ಎಂದಲ್ಲವೇ?

ಕೆಲಸ ಶುರುಮಾಡಿದ. ಗಡಿಯಾರದ ಗೋಪುರಕ್ಕೆ ದಾರಿ ಯಾವುದೆಂದು ಹಣ್ಣಿನವಳನ್ನು ಕೇಳಿದ. ಅವಳು “ನೇರ ಹೋಗಿ ಎಡಕ್ಕೆ” ಎಂದಳು. ಅವಳ ಕಣ್ಣಿಗೆ ಮರೆಯಾದ ಮೇಲೆ ಪತ್ರಿಕೆ ಮಾರುವವನನ್ನು ಕೇಳಿದ. “ನೇರ ಹೋಗಿ ಎಡಕ್ಕೆ.” ಚಪ್ಪಲಿ ಹೊಲಿಯುವವನೂ ಅದನ್ನೇ ಹೇಳಿದ. ಇವರೆಲ್ಲ ಮಾತಾಡಿಕೊಂಡಿದ್ದಾರೆ ಎಂದುಕೊಂಡ ಡಿಗ್ರಿಯಣ್ಣ ಬಲಕ್ಕೆ ತಿರುಗಿದ. ಒಂದು ಮೀನಿನ ಗೋದಾಮಿನ ಹಿಂಬದಿಯ ಕೊಚ್ಚೆಗೆ ಕಾಲಿಟ್ಟು, ಮೂಗು ಮುಚ್ಚಿಕೊಂಡು ವಾಪಸ್ ಬಂದು, ಎಡಕ್ಕೆ ತಿರುಗಿದಾಗ ಗಡಿಯಾರದ ಗೋಪುರ ಎದುರಿಗೇ ನಿಂತಿತ್ತು. ಗಡಿಯಾರ ಸರಿಯಾದ ಸಮಯವನ್ನೇ ತೋರಿಸುತ್ತಿದೆಯೇ ಎಂದು ಕೈಗಡಿಯಾರ ನೋಡಿಕೊಂಡ. ಸರಿಯಾಗಿತ್ತು, ಏನು ಮಾಡುವುದು!

ಆಮೇಲೆ ಛತ್ರಿಯ ಪರೀಕ್ಷೆ. ಉದ್ಯಾನದ ಬೆಂಚಿನ ಮೇಲೆ ಛತ್ರಿ ‘ಮರೆತು’, ಮರದ ಹಿಂದೆ ನಿಂತು ಯಾರು ಎತ್ತುತ್ತಾರೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಮೊಮ್ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ಬಂದ ಒಬ್ಬ ಮುದುಕಿ ಅದನ್ನು ಎತ್ತಿಕೊಂಡಳು. ಸಿಕ್ಕಿಬಿದ್ದೆಯಾ ಎಂದು ಇವನು ಒಳಗೊಳಗೇ ಹಿಗ್ಗುವಷ್ಟರಲ್ಲಿ ಮುದುಕಿ ಸೀದಾ ಮರದ ಹಿಂದೆಯೇ ಬಂದಳು.

“ತಗೊಳ್ಳಪ್ಪ, ಛತ್ರಿ ಬಿಟ್ಟು ಬಂದಿದೀಯ. ಮರದ ಹಿಂದೆ ಏನು ಮಾಡ್ತಿದ್ದೀಯ? ಆ ಕಡೆ ಶೌಚಾಲಯ ಇದೆ, ಅಲ್ಲಿಗೆ ಹೋಗು” ಎಂದು ಬೈದು ಹೋದಳು.

ಅವಮಾನವಾದರೂ ಛತ್ರಿ ವಾಪಸ್ ಬಂತು. ಹೋಟೆಲಿನವನು ಚಿಲ್ಲರೆ ಸರಿಯಾಗಿ ಕೊಟ್ಟ. ನೆಲದಡಿಯ ರೈಲಿನಲ್ಲಿ ಒಬ್ಬ ಹುಡುಗ ಎದ್ದು ಜಾಗ ಬಿಟ್ಟ. ಇವನು ಆ ಸೀಟನ್ನು ಕೈಯಿಂದ ಒತ್ತಿ ನೋಡಿ, ಏನೂ ಚುಚ್ಚದಿದ್ದ ಮೇಲೆ ಕೂತ. ಮಧ್ಯಾಹ್ನದ ಹೊತ್ತಿಗೆ ಅವನ ಸಂಕಟ ಹೇಳತೀರದು. ಕಡ್ಡಿ ಎಲ್ಲೂ ಇಳಿಯುತ್ತಿಲ್ಲ. ಇಷ್ಟು ದೊಡ್ಡ ಊರು, ಇಷ್ಟು ಒಳ್ಳೆಯ ಡಿಗ್ರಿ! ಎಲ್ಲೋ ಯಾರೋ ಸಕ್ಕರೆ ಬೆರೆಸಿದ್ದಾರೆ ಎಂದು ಅವನ ಮನಸ್ಸು ಕೂಗುತ್ತಿತ್ತು.

ಹಾಸ್ಟೆಲ್ಲು ಒಂದು ಶಾಂತವಾದ ಬೀದಿಯಲ್ಲಿತ್ತು. ಮೂರಂತಸ್ತಿನ ಹಳದಿ ಕಟ್ಟಡ, ಕಬ್ಬಿಣದ ಗೇಟು, ಗೇಟಿನ ಒಳಗೆ ಕುರ್ಚಿಯ ಮೇಲೆ ಕಾವಲಿನ ಹೆಂಗಸು. ಮಗಳು ಮಲಗಬೇಕಾದ ಮನೆಗೆ ಯಾವನು ಬೇಕಾದರೂ ನುಗ್ಗಬಹುದೋ ಇಲ್ಲವೋ ಎಂಬುದನ್ನು ನೋಡಬೇಕಲ್ಲ. ಡಿಗ್ರಿಯಣ್ಣ ಎದೆಯುಬ್ಬಿಸಿ ಹೋಗಿ, “ನೀರಿನ ಮೀಟರ್ ನೋಡೋಕೆ ಬಂದಿದೀನಿ, ಗೇಟ್ ತೆಗೀರಿ” ಎಂದ.

ಹೆಂಗಸು ಕುರ್ಚಿಯಿಂದ ಏಳಲಿಲ್ಲ. “ಮೀಟರ್ ಹೊರಗೇ ಇದೆ. ನಿಮ್ಮ ಕಾಲ ಹತ್ರ, ಗೋಡೆಯಲ್ಲಿ. ನೋಡ್ಕೊಳ್ಳಿ.”

ನೋಡದೆ ವಿಧಿಯಿಲ್ಲ. ಕುಕ್ಕರುಗಾಲಿನಲ್ಲಿ ಕೂತು ಆ ಮೀಟರನ್ನು ಗಂಭೀರವಾಗಿ ನೋಡಿದ, ತಲೆಯಾಡಿಸಿದ, ಬೆರಳಿನಿಂದ ಒಮ್ಮೆ ತಟ್ಟಿದ. “ಸರಿಯಾಗಿದೆ” ಎಂದು ಎದ್ದ. ಹೆಂಗಸು ಅವನನ್ನು ಬೀದಿಯ ತಿರುವಿನವರೆಗೂ ಕಣ್ಣಲ್ಲೇ ಕಳಿಸಿಕೊಟ್ಟಳು. ಮೀಟರ್ ನೋಡುವವನ ಕೈಯಲ್ಲಿ ಪೆನ್ನಿಲ್ಲ, ಪುಸ್ತಕವಿಲ್ಲ, ಒಂದು ಚೀಲ, ಒಂದು ಛತ್ರಿ. ಅವಳೇನು ಕಣ್ಣು ಮುಚ್ಚಿ ಕೂತವಳಲ್ಲ.

ಸಂಜೆ ಸೇತುವೆಯ ಮೇಲೆ ನಿಂತ. ಕೆಳಗೆ ಅಗಲವಾದ ನದಿ. ಎರಡೂ ದಡದ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ದೋಣಿಯೊಂದರಲ್ಲಿ ಯಾರೋ ಹುಡುಗಿಯರು ಗುಂಪಾಗಿ ಕೂತು ನಗುತ್ತ ಹೋದರು. ಗಾಳಿ ತಂಪಾಗಿತ್ತು. ಮಗಳು ಕೊಟ್ಟ ಸ್ವೆಟರು ಹಾಕಿಕೊಂಡು, ಚೀಲವನ್ನು ಕಾಲ ಬಳಿ ಇಟ್ಟು, ಅದರ ಮೇಲಿನ ಕೈ ತೆಗೆದು ಎಷ್ಟೋ ಹೊತ್ತು ಹಾಗೇ ನಿಂತುಬಿಟ್ಟ. ಅವನಿಗೆ ಸಂತೋಷವಾಗಿತ್ತು. ಇದು ತಿಳಿದದ್ದೇ ತಡ, ಬಗ್ಗಿ ಚೀಲವನ್ನು ಮತ್ತೆ ಎದೆಗೆ ಅವಚಿಕೊಂಡ. ಬಸ್ಸಿಳಿದಾಗಿನಿಂದ ತಾನು ಹುಡುಕುತ್ತಿದ್ದದ್ದು ಏನೆಂದು ಆಗ ಅವನಿಗೆ ಗೊತ್ತಾಯಿತು. ಈ ಊರು ಕೆಟ್ಟದ್ದೆಂಬ ಭಯ ಅವನಿಗೆ ಇರಲೇ ಇಲ್ಲ. ಒಳ್ಳೆಯದಾಗಿಬಿಟ್ಟರೆ ಎಂಬುದೇ ಭಯ. ಈ ನದಿ, ಈ ದೀಪ, ಈ ನಗು ನೋಡಿದವಳು ವಾಪಸ್ ಬರುತ್ತಾಳೆಯೇ? ಒಂದು ತಪ್ಪು, ಒಂದೇ ಒಂದು ತಪ್ಪು ಸಿಕ್ಕಿದರೆ ಸಾಕಿತ್ತು. ‘ಬೇಡ ಮಗಳೇ’ ಎಂದು ಧೈರ್ಯವಾಗಿ ಹೇಳಬಹುದಿತ್ತು. ಅವಳು ನಂಬುತ್ತಿದ್ದಳು.

ಲಾಡ್ಜಿನ ಕೋಣೆಯಲ್ಲಿ ಮಂಚದ ಕೆಳಗೆ ಬಗ್ಗಿ ನೋಡಿ, ಕನ್ನಡಿಯ ಹಿಂದೆ ಇಣುಕಿ, ಬಾಗಿಲಿಗೆ ಕುರ್ಚಿ ಒರಗಿಸಿ ಮಲಗಿದ. ಬೆಳಿಗ್ಗೆ ಎದ್ದಾಗ ಕುರ್ಚಿ ಇದ್ದಲ್ಲೇ ಇತ್ತು. ಅದೂ ಅವನಿಗೆ ಬೇಸರವೇ.

ಭಾನುವಾರ ತಪ್ಪು ಹುಡುಕಿಯೇ ತೀರಬೇಕೆಂದು ಹಟ ತೊಟ್ಟು ಹಾಸ್ಟೆಲ್ಲಿನ ಎದುರಿನ ಕಟ್ಟೆಯ ಮೇಲೆ ಬೆಳಿಗ್ಗೆಯೇ ಹೋಗಿ ಕೂತ. ಒಳಗೆ ಹೋಗುವವರನ್ನೂ ಹೊರಗೆ ಬರುವವರನ್ನೂ ರೆಪ್ಪೆ ಹೊಡೆಯದೆ ನೋಡಿದ. ಪಕ್ಕದ ಟೀ ಅಂಗಡಿಯವನನ್ನು ವಿಚಾರಿಸಿದ.

“ಈ ಹುಡುಗೀರು ಎಷ್ಟು ಹೊತ್ತಿಗೆ ವಾಪಸ್ ಬರ್ತಾರೆ?”

“ಯಾಕೆ?” ಎಂದ ಟೀ ಅಂಗಡಿಯವನು.

“ಸುಮ್ನೆ ಕೇಳಿದೆ. ಹಿಂದುಗಡೆ ಬೇರೆ ಬಾಗಿಲು ಇದೆಯಾ?”

ಟೀ ಅಂಗಡಿಯವನು ಲೋಟ ತೊಳೆಯುತ್ತ ಇವನನ್ನೇ ನೋಡಿದ. ಅಷ್ಟರಲ್ಲಿ ಗೇಟಿನಿಂದ ಒಬ್ಬ ಹುಡುಗಿ ಹೊರಗೆ ಬಂದಳು. ಇವನ ಮಗಳ ವಯಸ್ಸು, ಅದೇ ಎತ್ತರ. ಇವನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಅವಳ ಎದುರಿಗೆ ನಿಂತ.

“ಒಂದ್ನಿಮಿಷ ಮಗಳೇ. ಒಳಗೆ ನಿಮ್ಮ ರೂಮಿನ ಬಾಗಿಲಿಗೆ ಚಿಲಕ ಗಟ್ಟಿಯಾಗಿದೆಯಾ?”

ಅಯ್ಯೋ ಮಹರಾಯ! ಈ ಮಾತನ್ನು ಯಾವ ಅಪ್ಪ ತನ್ನ ಮಗಳನ್ನು ಕೇಳಿದರೂ ಚಿಂತೆಯಿಲ್ಲ. ಗುರುತಿಲ್ಲದ ಗಂಡಸು ಗುರುತಿಲ್ಲದ ಹುಡುಗಿಯನ್ನು ಬೀದಿಯಲ್ಲಿ ಅಡ್ಡಗಟ್ಟಿ ಕೇಳಿದರೆ ಏನಾಗುತ್ತದೋ ಅದೇ ಆಯಿತು. ಹುಡುಗಿ ಕಿರುಚಿದಳು. ಕಾವಲಿನ ಹೆಂಗಸು ಕುರ್ಚಿ ಬೀಳಿಸಿಕೊಂಡು ಓಡಿಬಂದಳು. ಟೀ ಅಂಗಡಿಯವನು ಲೋಟ ಬಿಟ್ಟು ಬಂದು ಇವನ ಕಾಲರು ಹಿಡಿದ.

“ಇವನೇ ಕಣ್ರೀ! ನಿನ್ನೆ ನೀರಿನ ಮೀಟರ್ ಅಂತ ಬಂದಿದ್ದ!” ಎಂದಳು ಕಾವಲಿನವಳು.

“ಹಿಂಬಾಗಿಲು ಎಲ್ಲಿದೆ ಅಂತ ಕೇಳ್ದ!” ಎಂದ ಟೀ ಅಂಗಡಿಯವನು.

ಊರಿಗೆಲ್ಲ ಕಡ್ಡಿ ಇಳಿಸಲು ಬಂದವನನ್ನೇ ಜಾಡಿಗೆ ಸುರಿದಂತಾಯಿತು. ಅವನು ಅಷ್ಟು ಆಸೆಪಟ್ಟ ಗೇಟಿನೊಳಗೆ, ಇಬ್ಬರು ರಟ್ಟೆ ಹಿಡಿದುಕೊಂಡು ಕರೆದೊಯ್ದರು.

ವಾರ್ಡನ್ನಿನ ಕೋಣೆ ಚಿಕ್ಕದು. ಮೇಜು, ಮೂರು ಕುರ್ಚಿ, ಗೋಡೆಗೆ ಬೀಗದ ಕೈಗಳ ಹಲಗೆ. ವಾರ್ಡನ್ನು ನರೆಗೂದಲಿನ, ದಪ್ಪ ಕನ್ನಡಕದ ಹೆಂಗಸು. ಕೂಗಾಡಲಿಲ್ಲ. ಇವನನ್ನು ಕೂರಿಸಿ, ತಾನೂ ಕೂತಳು.

“ನೀರಿನ ಇಲಾಖೆಯವರಾ?”

“ಅಲ್ಲ.”

“ಮತ್ತೆ ನಿನ್ನೆ ಹಾಗಂದ್ರಲ್ಲ?”

“ಅದು ಸುಳ್ಳು. ಪರೀಕ್ಷೆಗೆ ಹೇಳಿದ್ದು. ನನ್ನ ಮಗಳು ಇಲ್ಲಿಗೆ ಬರೋಳಿದ್ದಾಳೆ. ಹಲ್ಲಿನ ತರಬೇತಿಗೆ. ಜಾಗ ಹೇಗಿದೆ ಅಂತ ನೋಡೋಕೆ ಬಂದೆ.”

“ನೋಡೋಕೆ ಬರೋ ಅಪ್ಪಂದಿರು ಗೇಟಲ್ಲಿ ಹೆಸರು ಹೇಳಿ, ನನ್ನ ಹತ್ರ ಬಂದು, ಟೀ ಕುಡಿದು, ನೋಡ್ಕೊಂಡು ಹೋಗ್ತಾರೆ. ನಿಮ್ಮ ಫೋನ್ ಕೊಡಿ.”

“ಫೋನ್ ತಂದಿಲ್ಲ. ಕದೀತಾರೆ ಅಂತ ಬಿಟ್ಟು ಬಂದೆ.”

“ಗುರುತಿನ ಚೀಟಿ?”

ಬನಿಯನ್ನಿನ ಒಳಜೇಬಿನಿಂದ ತೆಗೆದುಕೊಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದು, ಮುಂದೆ ಹಿಂದೆ ತಿರುಗಿಸಿ ನೋಡಿ ಮೇಜಿನ ಮೇಲಿಟ್ಟಳು. “ಇದನ್ನ ಯಾರು ಬೇಕಾದ್ರೂ ಮಾಡಿಸ್ತಾರೆ. ನಿಮ್ಮ ಮಗಳು ಕಲಿಯೋಕೆ ಬರ್ತಿರೋದು ಏನು ಅಂದ್ರಿ?” ಎಂದು ಕೇಳಿದ್ದನ್ನೇ ಇನ್ನೊಂದು ಬಗೆಯಲ್ಲಿ ಕೇಳಿದಳು. ಡಿಗ್ರಿಯಣ್ಣನಿಗೆ ಆ ವಿದ್ಯೆ ಗೊತ್ತಿತ್ತು, ಅವನೂ ಹಾಗೇ ಕೇಳುತ್ತಿದ್ದದ್ದು. ಆ ಭಯದಲ್ಲೂ, ಇಂಥವಳ ಕೈಕೆಳಗೆ ಮಗಳಿದ್ದರೆ ಒಂದು ನೊಣವೂ ಒಳಗೆ ಬರಲಾರದು ಎಂದು ಅನ್ನಿಸದೆ ಇರಲಿಲ್ಲ.

ಮಗಳ ಹೆಸರು ಹೇಳಿದ. ಸೋಮವಾರ ಬರಬೇಕಾದವರ ಪಟ್ಟಿಯಲ್ಲಿ ಆ ಹೆಸರು ಇತ್ತು, ನಂಬರೂ ಇತ್ತು. ವಾರ್ಡನ್ನು ತನ್ನ ಫೋನಿನಿಂದ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಕರೆ ಹೋಗುವಷ್ಟರಲ್ಲಿ ಬೆರಳನ್ನು ತುಟಿಯ ಮೇಲಿಟ್ಟು, ಬಾಯಿಬಿಡಬೇಡಿ ಎಂದು ಇವನಿಗೆ ಸನ್ನೆ ಮಾಡಿದಳು.

“ಹಲೋ” ಎಂದಳು ಮಗಳು. ಅವನಿಗೆ ಹೋದ ಜೀವ ಬಂದಂತಾಯಿತು.

“ನಾನು ಹಾಸ್ಟೆಲ್ ವಾರ್ಡನ್ ಮಾತಾಡ್ತಿರೋದು. ನಿಮ್ಮ ತಂದೆ ಎಲ್ಲಿದಾರಮ್ಮ?”

“ನಮ್ಮಪ್ಪಾನಾ? ಪಕ್ಕದ ಊರಿಗೆ ಹೋಗಿದಾರೆ, ಡೈರಿ ತರಬೇತಿಗೆ. ಯಾಕೆ ಮೇಡಂ?”

ವಾರ್ಡನ್ನು ಕನ್ನಡಕದ ಮೇಲಿನಿಂದ ಇವನನ್ನು ನೋಡಿದಳು. “ಇಲ್ಲಿ ಒಬ್ಬರು ಎರಡು ದಿನದಿಂದ ಹಾಸ್ಟೆಲ್ ಸುತ್ತ ಓಡಾಡ್ತಿದಾರೆ. ನಾನೇ ಆ ಹುಡುಗಿ ಅಪ್ಪ ಅಂತಾರೆ. ನಿನ್ನ ಹೆಸರು ಹೇಳ್ತಾರೆ. ಚೀಟಿ ತೋರಿಸ್ತಾರೆ.”

ಆ ಕಡೆ ಮಗಳು ಒಂದು ಉಸಿರು ಎಳೆದುಕೊಂಡಳು. ಅವಳ ದನಿ ಗಟ್ಟಿಯಾಯಿತು. “ಅದು ನಮ್ಮಪ್ಪ ಅಲ್ಲ ಮೇಡಂ.”

“ನೋಡಮ್ಮ, ಕೆಲವು ಸಲ ಅಪ್ಪಂದಿರು ಮನೇಲಿ ಏನೋ ಹೇಳಿ...”

“ಇಲ್ಲ ಮೇಡಂ. ನಮ್ಮಪ್ಪ ಬೇರೆಯವರ ಹತ್ರ ಹೇಗಾದ್ರೂ ಇರಲಿ. ನನ್ನ ಹತ್ರ ಸುಳ್ಳು ಹೇಳಲ್ಲ. ಇವತ್ತಿನವರೆಗೂ ಒಂದೂ ಹೇಳಿಲ್ಲ. ತರಬೇತಿಗೆ ಹೋಗ್ತೀನಿ ಅಂದ್ರೆ ತರಬೇತಿಗೇ ಹೋಗಿರ್ತಾರೆ. ಆ ಮನುಷ್ಯ ಯಾರೋ ಕಳ್ಳ. ಪೊಲೀಸಿಗೆ ಕೊಡಿ.”

ಡಿಗ್ರಿಯಣ್ಣ ಕುರ್ಚಿಯಲ್ಲಿ ಕುಗ್ಗಿಹೋದ. ಇಷ್ಟು ವರ್ಷ ಎಷ್ಟೋ ಕ್ಯಾನು ನೋಡಿದವನು, ಒಂದು ತೊಟ್ಟು ನೀರಿಲ್ಲದ ಹಾಲು ಎಂಬುದು ಹೇಗಿರುತ್ತದೆಂದು ಆವತ್ತು ಕೇಳಿಸಿಕೊಂಡ. ಅದು ಅವನ ಮೇಲೆ ಅವಳಿಟ್ಟ ನಂಬಿಕೆಯಾಗಿತ್ತು. ನೀರು ಬೆರೆಸಿದವನು ಅವನೇ.

ವಾರ್ಡನ್ನು ಗುರುತಿನ ಚೀಟಿಯನ್ನು ಪಕ್ಕಕ್ಕೆ ಸರಿಸಿ ಹೇಳಿದಳು: “ಹಾಗಾದ್ರೆ ನಾನು ಇನ್ನೊಂದು ಮಾತು ಹೇಳಬೇಕಾಗುತ್ತೆ, ಬೇಜಾರು ಮಾಡ್ಕೋಬೇಡ. ನಿನ್ನ ಹೆಸರು, ನೀನು ಬರೋ ದಿನ, ಎಲ್ಲ ತಿಳ್ಕೊಂಡು ಯಾರೋ ಗಂಡಸು ನಿನ್ನ ಹಿಂದೆ ಬಿದ್ದಿದ್ದಾನೆ. ಇಲ್ಲಿ ಬೇರೆ ಹೆಣ್ಣುಮಕ್ಕಳೂ ಇದಾರೆ. ಈ ಕೇಸು ಮುಗಿಯೋವರೆಗೂ ನಿನ್ನನ್ನ ಸೇರಿಸ್ಕೊಳ್ಳೋಕೆ ನನಗೆ ಆಗಲ್ಲಮ್ಮ. ಜಾಗ ಬೇರೆಯವರಿಗೆ ಕೊಡಬೇಕಾಗುತ್ತೆ.”

“ಮೇಡಂ, ನಾನೇನು ಮಾಡಿದೆ?” ಎಂದಳು ಮಗಳು. ಗಟ್ಟಿಯಾಗಿದ್ದ ದನಿ ಒಡೆದುಹೋಗಿತ್ತು.

ನೋಡಿ, ವಿಧಿ ಅವನ ಮುಂದೆ ಹೇಗೆ ತಟ್ಟೆ ಇಟ್ಟಿತು! ಬಾಯಿ ಮುಚ್ಚಿಕೊಂಡು ಕೂತರೆ ಸಾಕು. ಯಾವುದಕ್ಕಾಗಿ ಎರಡು ದಿನ ಅಲೆದನೋ ಅದು ತಾನಾಗಿಯೇ ಕೈಗೆ ಬರುತ್ತದೆ. ಮಗಳು ಬರುವುದಿಲ್ಲ, ಮನೆಯಲ್ಲೇ ಇರುತ್ತಾಳೆ. ಅಪ್ಪನ ಮೇಲಿನ ನಂಬಿಕೆಗೂ ಒಂದು ಗೀರು ಬೀಳುವುದಿಲ್ಲ. ಪೊಲೀಸರು ಒಂದು ದಿನ ಕೂರಿಸಿ, ಡೈರಿಗೆ ಫೋನ್ ಮಾಡಿ ಬಿಟ್ಟಾರು. ಹೇಗೋ ಮನೆ ಸೇರಿ, ಮೆಷಿನ್ ಚೆನ್ನಾಗಿತ್ತು ಎಂದರೆ ಮುಗಿಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಕಾಲ ಅವನಿಗೂ ಬಂದಿತ್ತು. ಬೇಕು ಅನ್ನಿಸಿತು. ಬೇಕೇ ಬೇಕು ಅನ್ನಿಸಿತು. ಆದರೆ ಆ ಕಡೆ ಅವಳು ಅಳುವುದನ್ನು ತಡೆದುಕೊಂಡು ಮೂಗು ಎಳೆಯುತ್ತಿದ್ದಳು, ಅದನ್ನು ಅವನ ಕೈಲಿ ಕೇಳಲಾಗಲಿಲ್ಲ.

“ಮಗಳೇ, ನಾನೇ” ಎಂದ.

ಫೋನಿನಲ್ಲಿ ಮೂಗು ಎಳೆಯುವ ಸದ್ದು ನಿಂತಿತು.

“ನಾನೇ ಕಣಮ್ಮ. ತರಬೇತಿ ಇರಲಿಲ್ಲ. ಊರು ನೋಡೋಕೆ ಬಂದೆ. ನಿನಗೆ ಸುಳ್ಳು ಹೇಳಿ ಬಂದೆ. ಇವರು ಹೇಳಿದ್ದೆಲ್ಲ ನಿಜ.”

 ಕರೆ ಕಡಿದುಹೋಯಿತೇನೋ ಎಂದು ವಾರ್ಡನ್ನು ಬಗ್ಗಿ ನೋಡಿದಳು. ಕಡಿದಿರಲಿಲ್ಲ.

“ಮೇಡಂ” ಎಂದಳು ಮಗಳು ಕೊನೆಗೆ. “ಅವರು ನಮ್ಮಪ್ಪನೇ. ಬಿಟ್ಟುಬಿಡಿ.” ಫೋನು ಇಟ್ಟಳು. ಅವನ ಹತ್ತಿರ ಒಂದು ಮಾತೂ ಆಡಲಿಲ್ಲ.

ವಾರ್ಡನ್ನು ಕನ್ನಡಕ ತೆಗೆದು ಒರೆಸಿಕೊಂಡಳು. ಟೀ ಅಂಗಡಿಯವನು “ಮೊದಲೇ ಹೇಳಬಾರದಿತ್ತಾ ಯಜಮಾನ್ರೇ?” ಎಂದು ಕಾಲರು ಸರಿಮಾಡಿ ಹೋದ. ಹೊರಗೆ ಕಾವಲಿನವಳು ಕಿರುಚಿದ ಹುಡುಗಿಗೆ ನೀರು ಕೊಟ್ಟು ಸಮಾಧಾನ ಹೇಳುತ್ತಿದ್ದಳು. ಡಿಗ್ರಿಯಣ್ಣ ಆ ಹುಡುಗಿಯ ಮುಂದೆ ನಿಂತು, “ತಪ್ಪಾಯ್ತು ತಾಯಿ, ಹೆದರಿಸಿಬಿಟ್ಟೆ” ಎಂದು ಕೈ ಮುಗಿದ.

“ಬನ್ನಿ, ನಿಮ್ಮ ಮಗಳ ಜಾಗ ಎಲ್ಲೂ ಹೋಗಿಲ್ಲ, ಬಂದಿದ್ದಕ್ಕೆ ನೋಡ್ಕೊಂಡು ಹೋಗಿ” ಎಂದು ವಾರ್ಡನ್ನು ಅವನನ್ನು ಮಹಡಿಗೆ ಕರೆದೊಯ್ದು ಕೋಣೆ ತೋರಿಸಿದಳು. ಕಿಟಕಿಯ ಪಕ್ಕ ಮಂಚ, ಚಿಕ್ಕ ಮೇಜು, ಬಟ್ಟೆಗೆ ಕಪಾಟು. ಅವನು ಮಂಚದ ಕೆಳಗೆ ಬಗ್ಗಲಿಲ್ಲ. ಬಾಗಿಲ ಚಿಲಕ ಕಣ್ಣಿಗೆ ಬಿತ್ತು, ಅದನ್ನು ಎಳೆದು ನೋಡಲಿಲ್ಲ. “ಚೆನ್ನಾಗಿದೆ” ಎಂದ. ಹಾಗೆ ಒಂದೇ ಮಾತಿಗೆ ಒಪ್ಪಿಕೊಂಡದ್ದು ಅವನ ಬಾಳಿನಲ್ಲೇ ಮೊದಲು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಹೀಗೆ ಹೇಳಬೇಕು, ಹಾಗೆ ಹೇಳಬೇಕು. ಅವಳು ಬೈದರೆ ಬೈಯಲಿ, ಅತ್ತರೆ ಅಳಲಿ. ಚೀಲ ಮೇಲಿನ ಹಲಗೆಯ ಮೇಲಿತ್ತು. ಅದರ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ.

ಮನೆ ಸೇರಿದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡು ಬಂದ್ರಾ ಎಂದು ಕೇಳುವಳೇನೋ ಎಂದು ಅವನು ಕಾದ. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಮಗಳು ಮೇಜಿನ ಹತ್ತಿರ ಕೂತಿದ್ದಳು. ಕಣ್ಣು ಊದಿತ್ತು, ಮುಖ ಶಾಂತವಾಗಿತ್ತು. ಜಗಳವಾಡಲಿಲ್ಲ. ನೀರು ತಂದುಕೊಟ್ಟಳು. ಅವನು ಕುಡಿದು ಲೋಟ ಕೆಳಗಿಡುವವರೆಗೂ ಕಾದಳು.

“ಊರು ಹೇಗಿದೆ?”

“ಒಳ್ಳೇ ಊರು ಮಗಳೇ. ಜನ ಒಳ್ಳೆಯವರು. ಹಾಸ್ಟೆಲ್ಲು ಭದ್ರವಾಗಿದೆ, ಆ ವಾರ್ಡನ್ನು ದೇವರಂಥವರು. ರೂಮಿನಲ್ಲಿ ಕಿಟಕಿ ಇದೆ. ನೀನು ಹೋಗು. ನಾನೇ ಬಂದು ಬಿಟ್ಟು ಬರ್ತೀನಿ.”

ಇಷ್ಟು ಮಾತನ್ನು ಅವನು ಯಾವ ಊರಿನ ಬಗ್ಗೆಯೂ ಯಾವತ್ತೂ ಆಡಿದವನಲ್ಲ. ಪ್ರತಿಯೊಂದೂ ನಿಜ. ಹೇಳಿ ಮುಗಿಸಿ, ಅವಳ ಮುಖ ಅರಳುವುದನ್ನು ಕಾಯುತ್ತ ನಿಂತ.

ಮಗಳು ಅವನನ್ನು ನೋಡಿದಳು. ಆ ನೋಟ ಅವನಿಗೆ ಚೆನ್ನಾಗಿ ಗೊತ್ತಿತ್ತು, ಆದರೆ ಅವಳ ಕಣ್ಣಲ್ಲಿ ಅದನ್ನು ಕಂಡದ್ದು ಅದೇ ಮೊದಲು. ಅವಳು ಫೋನು ಎತ್ತಿಕೊಂಡು ವಾರ್ಡನ್ನಿಗೆ ಕರೆ ಮಾಡಿದಳು.

“ಮೇಡಂ, ಸಾರಿ, ಮತ್ತೆ ತೊಂದರೆ ಕೊಡ್ತಿದೀನಿ. ರೂಮು ಚೆನ್ನಾಗಿದೆ, ಕಿಟಕಿ ಇದೆ, ನಾಳೆ ನಾನು ಬರಬಹುದು ಅಂತ ನಮ್ಮಪ್ಪ ಹೇಳ್ತಿದಾರೆ. ಅದು ನಿಜಾನಾ ಅಂತ ಕೇಳೋಣ ಅಂತ ಮಾಡಿದೆ.”

ಡಿಗ್ರಿಯಣ್ಣ ಗೋಡೆ ಹಿಡಿದುಕೊಂಡು, ಆ ಕಡೆಯಿಂದ ಏನು ಹೇಳುತ್ತಾರೋ ಎಂದು ಕಾಯುತ್ತ ನಿಂತ.